ನಾಲ್ಕು ಕವಡೆಯೊಳಗೊಂದು ಮೇರು

ನಾಲ್ಕು ಕವಡೆ ಸಾಕು. ಕವಡೆ ಇಲ್ಲವೇ? ಎರಡು ಹುಣಸೆಬೀಜ ಸೀಳಿ ನಾಲ್ಕು ಹೋಳು ಮಾಡಿಕೊಳ್ಳಿ, ಒಂದು ಮೈ ಬಿಳಿ, ಇನ್ನೊಂದು ಮೈ ಕಂದು. ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಂಥ ಊರಿನ ಜಗಲಿಯ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ಐದೈದು ಮನೆ ಗೀಚಿ ಚೌಕಾಬಾರಕ್ಕೆ ಕೂತರೆ, ಪಿಯುಸಿ ಮಕ್ಕಳು ಬೆವರು ಒರೆಸಿಕೊಂಡು ಓದುವ ಸಂಭವನೀಯತೆಯ ಅಧ್ಯಾಯ ಪೂರ್ತಿ ಆ ಇಪ್ಪತ್ತೈದು ಮನೆಗಳಲ್ಲಿ ಹರಡಿಕೊಂಡಿರುತ್ತದೆ! ಇದು ಉತ್ಪ್ರೇಕ್ಷೆಯಲ್ಲ. ಒಂದೊಂದೇ ಗರ ಹಾಕಿ ನೋಡೋಣ.

ನಿಯಮ ಊರಿಗೊಂದು, ಬೀದಿಗೊಂದು. ಮೂಲ ಮಾತ್ರ ಒಂದೇ. ಎಷ್ಟು ಕವಡೆ ಅಂಗಾತ ಬಿತ್ತೋ ಅಷ್ಟು ಗರ. ಒಂದಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು, ನಾಲ್ಕೂ ಅಂಗಾತವಾದರೆ ಚೌಕ. ನಾಲ್ಕೂ ಬೋರಲಾದರೆ? ನ್ಯಾಯವಾಗಿ ಸೊನ್ನೆ ಆಗಬೇಕಿತ್ತು. ಆಗುವುದಿಲ್ಲ! ಅದು ಬಾರ, ಎಂಟು ಮನೆಯ ಓಟ. ಚೌಕಕ್ಕೂ ಬಾರಕ್ಕೂ ಮೇಲೊಂದು ಗರ ಬೇರೆ.

ಈಗ ಎಣಿಸಿ. ಮೊದಲ ಕವಡೆಗೆ ಎರಡು ದಾರಿ: ಅಂಗಾತ, ಬೋರಲು. ಅದರ ಪ್ರತಿ ದಾರಿಗೂ ಎರಡನೆಯ ಕವಡೆಗೆ ಎರಡು ದಾರಿ. ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು, ಎಂಟೆರಡಲ ಹದಿನಾರು. ಈ 16 ಬಗೆಯ ಬೀಳುವಿಕೆಗಳ ಪಟ್ಟಿಯೇ ಪಠ್ಯಪುಸ್ತಕದ ‘ಫಲಿತಗಣ’. ಇದರಾಚೆ ಏನೂ ಬೀಳುವಂತಿಲ್ಲ. ಈ ಹದಿನಾರರಲ್ಲಿ ಬಾರಕ್ಕೆ ಇರುವುದು ಒಂದೇ ದಾರಿ, ಚೌಕಕ್ಕೂ ಒಂದೇ. ಒಂದು ಬೀಳಲು ನಾಲ್ಕು, ಮೂರು ಬೀಳಲು ನಾಲ್ಕು. ಎರಡು ಬೀಳಲು ಮಾತ್ರ ಆರು ದಾರಿ! ಸಾಲಾಗಿ ಬರೆಯಿರಿ: 1, 4, 6, 4, 1. ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಈ ಗುಡ್ಡವನ್ನು ಕಣ್ಣಲ್ಲಿಟ್ಟುಕೊಳ್ಳಿ. ಇದು ಸಾವಿರ ವರ್ಷದ ಹಿಂದಿನ ಒಂದು ಕನ್ನಡ ಗ್ರಂಥದೊಳಕ್ಕೆ ನಮ್ಮನ್ನು ಕರೆದೊಯ್ಯಲಿದೆ.

ಅದಕ್ಕೂ ಮುಂಚೆ ಆಟ. ನಿಮ್ಮ ಕಾಯಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದಿದೆ, ಕಡಿಯಲಾಗದ ಮನೆಯಾದ ಕಟ್ಟೆಯ ಆಸರೆಯಿಲ್ಲ. ಎದುರಾಳಿ ಸರಿಯಾಗಿ ಅದೇ ಮನೆಗೆ ಬಂದು ಅದನ್ನು ಕಡಿಯುವ ಸಂಭವನೀಯತೆ 16ರಲ್ಲಿ 6, ನೂರಕ್ಕೆ ಮೂವತ್ತೇಳೂವರೆ. ಮೂರು ಮನೆ ಮುಂದಿದ್ದರೆ 16ರಲ್ಲಿ 4. ನಾಲ್ಕು ಮನೆ ಮುಂದಿದ್ದರೆ 16ರಲ್ಲಿ 1. ಐದು ಮನೆ? ಐದು ಎಂಬ ಗರವೇ ಇಲ್ಲ! ಎದುರಾಳಿ ಮೊದಲು ಚೌಕ ಹಾಕಬೇಕು, ಮೇಲಿನ ಗರದಲ್ಲಿ ಒಂದು ಹಾಕಬೇಕು. ಎರಡೂ ಒಟ್ಟಿಗೆ ಆಗಬೇಕೆಂದರೆ ಸಂಭವನೀಯತೆಗಳನ್ನು ಗುಣಿಸಬೇಕು: 1/16 ಗುಣಿಸು 4/16, ಅಂದರೆ 64ರಲ್ಲಿ 1. ಎರಡನೇ ಮನೆಯಿಂದ ಐದನೇ ಮನೆಗೆ ಸರಿದರೆ ಅಪಾಯ ಇಪ್ಪತ್ತನಾಲ್ಕು ಪಟ್ಟು ಕಡಿಮೆ! ಆಡಿ ಪಳಗಿದ ಅಜ್ಜಿಯರು ಯಾವ ಭಿನ್ನರಾಶಿಯನ್ನೂ ಬರೆಯದೆ ಇದನ್ನೇ ಆಡುತ್ತಾರೆ. ನೋಡನೋಡುತ್ತ ಅವರ ಕಾಯಿ ನಿಮ್ಮ ಕೈಗೆ ಸಿಗದಷ್ಟು ದೂರ ಹೋಗಿ ಕೂತಿರುತ್ತದೆ.

ಬಾರಕ್ಕೆ ಎಂಟು ಕೊಟ್ಟದ್ದರ ಜಾಣತನ ನೋಡಿ. ಹದಿನಾರು ದಾರಿಗಳ ಗರವನ್ನೆಲ್ಲ ಕೂಡಿದರೆ 40. ಹದಿನಾರರಿಂದ ಭಾಗಿಸಿದರೆ ಎರಡೂವರೆ. ಒಂದು ಗರಕ್ಕೆ ಸರಾಸರಿ ಎರಡೂವರೆ ಮನೆ, ಇದೇ ‘ನಿರೀಕ್ಷಿತ ಮೌಲ್ಯ’. ಯಾವ ಗರದಲ್ಲೂ ಎರಡೂವರೆ ಬೀಳುವುದಿಲ್ಲ, ಆದರೂ ಇಡೀ ಆಟ ಅದರ ಸುತ್ತಲೇ ಸುತ್ತುತ್ತದೆ! ಬಾರಕ್ಕೆ ಸೊನ್ನೆ ಕೊಟ್ಟಿದ್ದರೆ ಸರಾಸರಿ ಎರಡಕ್ಕೆ ಕುಸಿಯುತ್ತಿತ್ತು, ಆಟ ಎಳೆಯುತ್ತಿತ್ತು. ಯಾರು ಈ ನಿಯಮ ಮಾಡಿದರೋ, ಅವರಿಗೊಂದು ನಮಸ್ಕಾರ.

ಇಷ್ಟೂ ಹೊತ್ತು ನಾವು ಒಂದು ಮಾತನ್ನು ಸದ್ದಿಲ್ಲದೆ ನಂಬಿಕೊಂಡಿದ್ದೆವು: ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮಸಮ ಎಂದು. ಕವಡೆ ಸಮುದ್ರದ ಬಸವನಹುಳುವಿನ ಚಿಪ್ಪು, ಟಂಕಸಾಲೆಯ ನಾಣ್ಯವಲ್ಲ. ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಸಮ ಬೀಳಲಿ ಎಂದು ಯಾರೂ ಅದನ್ನು ತಿದ್ದಿಲ್ಲ. ನೂರರಲ್ಲಿ ಐವತ್ತರ ಬದಲು ನಲವತ್ತು ಸಲ ಅಂಗಾತ ಬೀಳುವ ಕವಡೆಗಳು ನಿಮ್ಮ ಕೈಗೆ ಬಂದವೆನ್ನಿ. ಬರೀ ಹತ್ತರ ವಾಲಿಕೆ. ಆದರೆ ಬಾರದ ಸಂಭವನೀಯತೆ 0.6ನ್ನು ನಾಲ್ಕು ಸಲ ಗುಣಿಸಿದಷ್ಟು, ನೂರಕ್ಕೆ ಸುಮಾರು 13, ಚೌಕದ್ದು 0.4ನ್ನು ನಾಲ್ಕು ಸಲ ಗುಣಿಸಿದಷ್ಟು, ನೂರಕ್ಕೆ ಎರಡೂವರೆ ಚಿಲ್ಲರೆ. ಅಣ್ಣತಮ್ಮಂದಿರಂತಿದ್ದ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಐದು ಪಟ್ಟು ಬೆಳೆದುಬಿಟ್ಟ! ಇನ್ನೂ ತಮಾಷೆ ಎಂದರೆ, ಕವಡೆ ಕಡಿಮೆ ಸಲ ಅಂಗಾತ ಬಿದ್ದರೂ ಸರಾಸರಿ ಗರ ಇಳಿಯುವುದಿಲ್ಲ, 2.64ಕ್ಕೆ ಏರುತ್ತದೆ. ಬಾರದ ಎಂಟು ಎಲ್ಲ ಕೊರತೆಯನ್ನೂ ತುಂಬಿಕೊಡುತ್ತದೆ.

ಹಾಗಾದರೆ ನಿಮ್ಮ ಮನೆಯ ಕವಡೆಯ ಗುಣ ತಿಳಿಯುವುದು ಹೇಗೆ? ಹಾಕಿ, ಬರೆದಿಡಿ, ಮತ್ತೆ ಹಾಕಿ. ಬೇರೆ ದಾರಿಯಿಲ್ಲ. ಎಸೆತ ಹೆಚ್ಚಿದಷ್ಟೂ ಎಣಿಕೆಯ ಪ್ರಮಾಣ ನಿಜವಾದ ಸಂಭವನೀಯತೆಗೆ ಹತ್ತಿರವಾಗುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಜೇಕಬ್ ಬರ್ನೌಲಿ ಸಾಧಿಸಿ ತೋರಿಸಿದ. ಅವನ ಪುಸ್ತಕ ಅಚ್ಚಾದದ್ದು 1713ರಲ್ಲಿ, ಅವನು ಸತ್ತು ಎಂಟು ವರ್ಷವಾದ ಮೇಲೆ.

ಆಟದಲ್ಲಿ ಸೋಲುವವರ ಬಾಯಲ್ಲಿ ತಪ್ಪದೆ ಬರುವ ಮಾತೊಂದಿದೆ: “ಆಗಿಂದ ಬಾರ ಬಿದ್ದಿಲ್ಲ, ಈ ಸಲ ಬೀಳಲೇಬೇಕು!” ಪಾಪ, ಕವಡೆಗೆ ನೆನಪಿಲ್ಲ. ಹಿಂದಿನ ಗರ ಏನೆಂದು ಅದಕ್ಕೆ ಗೊತ್ತಿಲ್ಲ. ಸಮ ಕವಡೆಯಾದರೆ ಈ ಸಲವೂ 16ರಲ್ಲಿ 1, ಅಷ್ಟೇ. ‘ಸ್ವತಂತ್ರ ಘಟನೆಗಳು’ ಎನ್ನುವುದು ಇದನ್ನೇ. ಹದಿನಾರು ಸಲ ಹಾಕಿದರೆ ಒಂದಾದರೂ ಬಾರ ಖಂಡಿತ ಎಂದುಕೊಳ್ಳುವವರೂ ಇದ್ದಾರೆ. ತಿರುಗಿಸಿ ಲೆಕ್ಕ ಹಾಕಿ. ಒಂದು ಗರದಲ್ಲಿ ಬಾರ ತಪ್ಪುವ ಸಂಭವನೀಯತೆ 15/16. ಅದನ್ನು ಹದಿನಾರು ಸಲ ಗುಣಿಸಿದರೆ ಸುಮಾರು 0.36. ಅಂದರೆ ಹದಿನಾರು ಗರ ಹಾಕುವ ನೂರು ಜನರಲ್ಲಿ ಮೂವತ್ತಾರು ಮಂದಿ ಬಾರದ ಮುಖವನ್ನೇ ಕಾಣದೆ ಏಳುತ್ತಾರೆ! ಆದರೆ ಮೂರು ಕವಡೆ ಆಗಲೇ ಬೋರಲು ಬಿದ್ದು, ನಾಲ್ಕನೆಯದು ಇನ್ನೂ ಗಿರಗಿರ ತಿರುಗುತ್ತಿದ್ದರೆ? ಈಗ ಬಾರಕ್ಕೆ 16ರಲ್ಲಿ 1 ಅಲ್ಲ, 2ರಲ್ಲಿ 1. ಕವಡೆ ಬದಲಾಗಲಿಲ್ಲ, ನಮಗೆ ತಿಳಿದದ್ದು ಬದಲಾಯಿತು. ಷರತ್ತುಬದ್ಧ ಸಂಭವನೀಯತೆಯ ಬಗ್ಗೆ ಎಷ್ಟು ಪುಟ ಓದಿದರೂ ಆ ತಿರುಗುವ ಕವಡೆಯಷ್ಟು ಚೆನ್ನಾಗಿ ಅದು ಹೇಳಿಕೊಡದು.

ಈಗ ಗುಡ್ಡದ ಕಡೆ ಬನ್ನಿ. 1, 4, 6, 4, 1.

ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಛಂದಸ್ಸಿನ ಸೂತ್ರ ನೆನಪಿದೆಯೇ? ಯಮಾತಾರಾಜಭಾನಸಲಗಂ. ಮೂರು ಮೂರು ಅಕ್ಷರ ಹಿಡಿದು ಸಾಗಿದರೆ ಯಗಣ, ಮಗಣ, ತಗಣ ಎಂದು ಎಂಟೂ ಗಣ ಬರುತ್ತವೆ. ಗುರುವನ್ನು ಅಂಗಾತ ಎನ್ನಿ, ಲಘುವನ್ನು ಬೋರಲು ಎನ್ನಿ. ಅರೆ! ಇದು ಮೂರು ಕವಡೆಗಳ ಫಲಿತಗಣ! ಮೂರೂ ಗುರುವಾದರೆ ಮಗಣ, ಒಂದೇ ದಾರಿ. ಎರಡು ಗುರುವಿನವು ಯ, ರ, ತ. ಒಂದು ಗುರುವಿನವು ಭ, ಜ, ಸ. ಎಲ್ಲ ಲಘುವಾದರೆ ನಗಣ. 1, 3, 3, 1. ಎಂಟು ಗಣಗಳಿಗೆ ಬಿಡಿಬಿಡಿಯಾಗಿ ಇಪ್ಪತ್ತನಾಲ್ಕು ಅಕ್ಷರ ಬೇಕು. ಯಾರೋ ಪುಣ್ಯಾತ್ಮರು ಹತ್ತೇ ಅಕ್ಷರದಲ್ಲಿ, ಯಾವ ಗಣವೂ ಎರಡು ಸಲ ಬಾರದಂತೆ ಹೆಣೆದಿಟ್ಟಿದ್ದಾರೆ.

10ನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ‘ಛಂದೋಂಬುಧಿ’ ಬರೆದ, ಹೆಂಡತಿಗೆ ಪಾಠ ಹೇಳುವ ಧಾಟಿಯಲ್ಲಿ. ಅದರಲ್ಲಿ ಷಟ್ಪ್ರತ್ಯಯಗಳೆಂಬ ಆರು ಲೆಕ್ಕಗಳಿವೆ. ಗುರು ಲಘುಗಳ ಎಲ್ಲ ಜೋಡಣೆಗಳನ್ನೂ ಒಂದೂ ಬಿಡದೆ ಪಟ್ಟಿ ಮಾಡುವುದು ಪ್ರಸ್ತಾರ. ಒಟ್ಟು ಎಷ್ಟೆಂದು ಹೇಳುವುದು ಸಂಖ್ಯೆ. ಇಷ್ಟು ಲಘು ಇರುವ ಪಾದಗಳು ಎಷ್ಟು ಎಂದು ಹೇಳುವುದು ಲಗಕ್ರಿಯೆ. ನಾಲ್ಕಕ್ಷರದ ಪಾದದಲ್ಲಿ ಎರಡು ಲಘು ಎಷ್ಟು ಬಗೆಯಲ್ಲಿ ಬರಬಹುದು? ಆರು! ಚೌಕಾಬಾರದ ಎರಡರ ಗರ ಕೊಟ್ಟ ಅದೇ ಆರು. ಇಂಥ ಸಾಲುಗಳನ್ನು ಒಂದರ ಕೆಳಗೊಂದು ಪೇರಿಸಿದ ಶಿಖರಕ್ಕೆ ಛಂದಶ್ಶಾಸ್ತ್ರದವರು ಮೇರುಪ್ರಸ್ತಾರ ಎಂದರು. ಅದನ್ನೇ ನಮ್ಮ ಮಕ್ಕಳು ಇವತ್ತು ಪ್ಯಾಸ್ಕಲ್ ತ್ರಿಕೋನ ಎಂದು ಓದುತ್ತಾರೆ, ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಇನ್ನೂ ಹಿಂದೆ ಹೋಗಿ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಯಾವ ಸಂಖ್ಯೆಗೂ ಹೊಂದುವ ಸೂತ್ರ ಅದರಲ್ಲಿದೆ. ಉದಾಹರಣೆಗೆ ಆರಿಸಿಕೊಂಡದ್ದು ಅಡುಗೆಮನೆಯ ಆರು ರಸಗಳನ್ನು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಮೂರು ರಸ ಬೆರೆಸುವುದಾದರೆ 6, 5, 4ನ್ನು ಗುಣಿಸಿ 1, 2, 3ರ ಗುಣಲಬ್ಧದಿಂದ ಭಾಗಿಸು, 20. ಮದರಾಸಿನಲ್ಲಿ 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದ ಸಮೇತ ಈ ಗ್ರಂಥವನ್ನು ಅಚ್ಚು ಹಾಕಿಸಿದಾಗ ಹೊರಗಿನ ಲೋಕದ ಕಣ್ಣಿಗೆ ಬಿತ್ತು. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ 12ನೇ ಶತಮಾನದವನು, ಬೇಲೂರಿನ ಚೆನ್ನಕೇಶವ ಎದ್ದು ನಿಂತ ಶತಮಾನ ಅದು.

ಎಣಿಕೆ ಇತ್ತು, ಸೂತ್ರ ಇತ್ತು, ದಾಳದಾಟದ ಹುಚ್ಚಂತೂ ಮಹಾಭಾರತದಷ್ಟು ಹಳೆಯದು. ಬಾಕಿ ಇದ್ದದ್ದು ಒಂದೇ ಒಂದು ಭಾಗಾಕಾರ: ಬೇಕಾದ ದಾರಿಗಳನ್ನು ಒಟ್ಟು ದಾರಿಗಳಿಂದ ಭಾಗಿಸುವುದು! ಆ ಹೆಜ್ಜೆ ಶಾಸ್ತ್ರವಾಗಿ ಬೆಳೆದದ್ದು ಫ್ರಾನ್ಸಿನಲ್ಲಿ, 1654ರಲ್ಲಿ, ನಡುವೆ ನಿಂತ ಜೂಜಿನ ಪಣವನ್ನು ಹಂಚುವುದು ಹೇಗೆಂದು ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡಾಗ. ನಮ್ಮವರು ದಾಳವನ್ನು ವಿಧಿಯ ಕೈಗೆ ಬಿಟ್ಟು ಕಾವ್ಯದ ಗಣವನ್ನು ಎಣಿಸುತ್ತ ಕೂತರು ಎಂದು ನನ್ನ ಅನಿಸಿಕೆ.

ಪೂರ್ತಿ ಬಿಟ್ಟರು ಎನ್ನಲೂ ಆಗದು. ಅರಣ್ಯಪರ್ವದ ನಳನ ಕಥೆ ತೆರೆಯಿರಿ. ರಥದಲ್ಲಿ ಹೋಗುತ್ತ ಋತುಪರ್ಣ ರಾಜ ಒಂದು ತಾರೆಮರದ ಎಲೆ, ಕಾಯಿ ಎಷ್ಟೆಂದು ಹೇಳಿಬಿಡುತ್ತಾನೆ. ಎರಡು ಕೊಂಬೆಯ ಕಾಯಿ 2095! ನಳ ನಂಬದೆ ಇಳಿದು ಎಣಿಸಿದರೆ ಲೆಕ್ಕ ಸರಿ. ಹೇಗೆ ಬಂತು ಈ ವಿದ್ಯೆ ಎಂದರೆ, ನನಗೆ ಅಕ್ಷಹೃದಯ ಗೊತ್ತು, ದಾಳದ ಮರ್ಮವೂ ಎಣಿಕೆಯ ಮರ್ಮವೂ ಗೊತ್ತು ಎನ್ನುತ್ತಾನೆ. ದಾಳ ಬಲ್ಲವನೇ ಎಣಿಕೆಯನ್ನೂ ಬಲ್ಲ! ಆ ತಾರೆಕಾಯಿಯೇ ಹಿಂದಿನ ಕಾಲದ ದಾಳ ಬೇರೆ. ಅಳಲೆ, ನೆಲ್ಲಿಯ ಜೊತೆ ತ್ರಿಫಲಕ್ಕೆ ಹಾಕುತ್ತಾರಲ್ಲ, ಅದೇ ಕಾಯಿ.

ಎಲ್ಲವನ್ನೂ ಎಣಿಸದೆ ಒಟ್ಟನ್ನು ಹೇಳುವ ಈ ವಿದ್ಯೆಯನ್ನು ಪುರಾಣ ಎಂದು ಪಕ್ಕಕ್ಕಿಡುವ ಮುನ್ನ ಮಾದಿಹಳ್ಳಿಯ ಹೊಲಕ್ಕೆ ಹೋಗೋಣ. ಮಾದಿಹಳ್ಳಿ ಒಂದು ಹೋಬಳಿ ಕೇಂದ್ರ. ಬೆಳೆ ವಿಮೆಗೆ ಇಡೀ ಹೋಬಳಿಯ ಇಳುವರಿ ಬೇಕು, ಪ್ರತಿ ಹೊಲ ತೂಗಲು ಆಗುವುದಿಲ್ಲ. ಆದ್ದರಿಂದ ಕೆಲವೇ ಹೊಲಗಳಲ್ಲಿ ಒಂದೊಂದು ತುಂಡು ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗ. ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಲ್ಲಿ ಹೋಬಳಿ ಮಟ್ಟದ ಬೆಳೆಗೆ ಕನಿಷ್ಠ 10 ಪ್ರಯೋಗ, ಗ್ರಾಮ ಪಂಚಾಯಿತಿ ಮಟ್ಟದ ಮುಖ್ಯ ಬೆಳೆಗೆ ಕನಿಷ್ಠ 4. ಯಾರ ಹೊಲ? ಅಧಿಕಾರಿ ಆರಿಸುವಂತಿಲ್ಲ, ರೈತನೂ ಆರಿಸುವಂತಿಲ್ಲ. ಯಾದೃಚ್ಛಿಕ ಸಂಖ್ಯೆ ಆರಿಸುತ್ತದೆ. ಹೊಲದೊಳಗೆ ಯಾವ ಮೂಲೆ ಎಂಬುದೂ ಅದರದೇ ತೀರ್ಮಾನ. ಅಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಗಲಕ್ಕೆ ಹೋಗಿ ಅಲ್ಲೇ ಗೂಟ ನೆಡಬೇಕು. ಚೌಕಾಬಾರದಲ್ಲಿ ಕಾಯಿ ನಡೆಸುವ ಗರ ಇಲ್ಲಿ ನ್ಯಾಯ ನಡೆಸುತ್ತದೆ! ಕೈಯಾರೆ ಆರಿಸಿದರೆ ಚೆನ್ನಾಗಿರುವುದರ ಕಡೆಗೋ ಕೆಟ್ಟದರ ಕಡೆಗೋ ಮನಸ್ಸು ವಾಲುತ್ತದೆ, ಗರಕ್ಕೆ ಆ ಪಕ್ಷಪಾತವಿಲ್ಲ.

ಆದರೆ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ನಾಲ್ಕು ತುಂಡುಗಳ ಸರಾಸರಿಯ ತೂಗಾಟ ಒಂದೇ ತುಂಡಿನದರ ಅರ್ಧ. ಹತ್ತು ತುಂಡಾದರೆ ಮೂರನೇ ಒಂದಕ್ಕಿಂತ ಕಡಿಮೆ. ವರ್ಗಮೂಲದ ನಿಯಮ ಇದು: ನಾಲ್ಕು ತುಂಡಿನ ತೂಗಾಟವನ್ನು ಮತ್ತೆ ಅರ್ಧ ಮಾಡಲು ಎಂಟು ಸಾಲದು, ಹದಿನಾರು ಬೇಕು. ಮಾದರಿಯಿಂದ ಮಾಡುವ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಗಡಿ ಹಾಕಿಕೊಟ್ಟವರಲ್ಲೊಬ್ಬರು ಸಿ.ಆರ್. ರಾವ್, 1945ರಲ್ಲಿ ಆ ಗಡಿಯನ್ನು ಹೇಳಿದ ಲೇಖನ ಬಂದಾಗ ಅವರಿಗೆ ಇಪ್ಪತ್ತೈದು ವರ್ಷ, ಹುಟ್ಟಿದ್ದು ಹೂವಿನಹಡಗಲಿಯಲ್ಲಿ! ಒಂದೇ ಪಂಚಾಯಿತಿಯಲ್ಲಿ ಕೆಂಪುಮಣ್ಣು, ಕೆರೆ ಅಚ್ಚುಕಟ್ಟು, ದಿಣ್ಣೆ ಎಲ್ಲ ಇರುವ ಈ ಅರೆಮಲೆನಾಡಿಗೆ ನಾಲ್ಕು ತುಂಡು ತೀರಾ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಖ್ಯಾಶಾಸ್ತ್ರ ಓದುವ ಮಕ್ಕಳೇ, ಸುಗ್ಗಿಯ ಹೊತ್ತಿಗೆ ನಿಮ್ಮ ಊರಿನಲ್ಲಿ ಕಟಾವು ಪ್ರಯೋಗ ನಡೆದರೆ ಹೋಗಿ ಪಕ್ಕದಲ್ಲಿ ನಿಲ್ಲಿ. ಸರ್ವೆ ನಂಬರ್ ಹೇಗೆ ಬಂತು, ಹೆಜ್ಜೆ ಎಷ್ಟು ಹಾಕಿದರು, ತೂಕ ಎಷ್ಟು ಬಂತು ಎಂದು ಕೇಳಿ, ಬರೆದುಕೊಳ್ಳಿ.