ಆಂತರಿಕ ಮರುನಿರ್ದೇಶನದಲ್ಲಿ ಕೋರಿಕೆಯ ವಿವರಗಳು

ಪರೀಕ್ಷಾ ಫಲಿತಾಂಶದ ಜಾಲತಾಣದಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ನೋಂದಣಿ ಸಂಖ್ಯೆಯನ್ನು ತುಂಬಿ ಕಳುಹಿಸುತ್ತಾನೆಂದು ಭಾವಿಸೋಣ. ವಿಳಾಸದಲ್ಲಿ ಪ್ರಶ್ನಚಿಹ್ನೆಯ ಬಳಿಕ ‘ಸಂಖ್ಯೆ=1234’ ಎಂದು ಕಾಣುತ್ತಲೇ ಇದೆ; ಉತ್ತರ ಮಾತ್ರ ‘ಸಂಖ್ಯೆಯನ್ನು ನಮೂದಿಸಿರಿ’ ಎಂದು ಬರುತ್ತದೆ. ವಿದ್ಯಾರ್ಥಿಯು ತನ್ನದೇ ತಪ್ಪೆಂದು ಮರಳಿ ಮರಳಿ ತುಂಬುತ್ತಾನೆ. ಸ್ಕ್ರಿಪ್ಟನ್ನು ಬರೆದವರು ಸ್ಕ್ರಿಪ್ಟನ್ನೇ ಶಂಕಿಸುತ್ತಾರೆ. ಇಂತಹ ಸಂದರ್ಭದಲ್ಲಿ ಮೊದಲು ಪರೀಕ್ಷಿಸತಕ್ಕದ್ದು ಇವೆರಡರ ನಡುವಣ ಆಂತರಿಕ ಮರುನಿರ್ದೇಶನವನ್ನು.

ಬಾಹ್ಯ ಮರುನಿರ್ದೇಶನದಲ್ಲಿ ಸರ್ವರು ಹೊಸ ವಿಳಾಸವನ್ನು ಬ್ರೌಸರಿಗೆ ತಿಳಿಸಿ ಮತ್ತೊಮ್ಮೆ ಬರಹೇಳುತ್ತದೆ. ಆಂತರಿಕವಾದುದರಲ್ಲಿ ಬ್ರೌಸರಿಗೆ ಅರಿವಾಗದಂತೆ ಕೋರಿಕೆಯು ಒಳಗಿಂದೊಳಗೇ ಬೇರೊಂದು ಸ್ಕ್ರಿಪ್ಟಿನ ವಶವಾಗುತ್ತದೆ. ಆದುದರಿಂದ ತೆರೆಯ ಮೇಲಣ ವಿಳಾಸವನ್ನು ಎಷ್ಟು ನೋಡಿದರೂ ದೋಷದ ಸುಳಿವು ದೊರೆಯದು.

ಅಪಾಚೆ ಸರ್ವರಿನ ‘ರಿರೈಟ್‌ರೂಲ್’ ಎಂಬ ನಿಯಮವನ್ನೇ ತೆಗೆದುಕೊಳ್ಳಬಹುದು. ಗುರಿಯ ವಿಳಾಸದಲ್ಲಿ ಪ್ರಶ್ನಚಿಹ್ನೆಯಿಲ್ಲದಿದ್ದರೆ ಮೂಲದ ವಿವರಗಳು ತಾವಾಗಿಯೇ ಹಿಂಬಾಲಿಸುತ್ತವೆ. ಆದರೆ ಅಲ್ಲಿ ‘?ತರಗತಿ=10’ ಎಂದು ಹೊಸದನ್ನು ಬರೆದೊಡನೆ ಹಳೆಯವೆಲ್ಲ ಬಿಟ್ಟುಹೋಗುತ್ತವೆ. ಸಂಧಿಪ್ರಕರಣವನ್ನು ಓದಿದವರಿಗೆ ಇದು ಹೊಸದೇನಲ್ಲ: ಇದು ಆದೇಶ. ಬೇಕಾದುದು ಆಗಮವಾದರೆ ನಿಯಮದ ಕೊನೆಗೆ ‘ಕ್ಯೂಎಸ್‌ಎ’ ಎಂಬ ಸಂಕೇತವನ್ನು ಸೇರಿಸಬೇಕು. ಆಗ ಹೊಸದು ಮೊದಲು, ಹಳೆಯದು ಅನಂತರ, ಎರಡೂ ನಿಲ್ಲುತ್ತವೆ. ಇಲ್ಲೊಂದು ಅಪಾಯವಿದೆ. ಒಂದೇ ಹೆಸರು ಎರಡು ಬಾರಿ ಬಂದರೆ ಪಿಎಚ್‌ಪಿ ಭಾಷೆಯು ಕಡೆಯದನ್ನೇ ಅಂಗೀಕರಿಸುತ್ತದೆ. ಸಂದರ್ಶಕನು ತಾನೇ ‘ತರಗತಿ=9’ ಎಂದು ಬರೆದರೆ ನಿಯಮದ 10 ನಿಷ್ಫಲ. ಬಹುಮಂದಿ ಇದನ್ನು ಗಮನಿಸುವುದೇ ಇಲ್ಲ. ಮೂಲದ ಕೋರಿಕೆ ಹೇಗಿತ್ತೆಂದು ತಿಳಿಯಲು ‘ರಿಕ್ವೆಸ್ಟ್_ಯುಆರ್‌ಐ’ ಎಂಬ ಚರವನ್ನು ಮುದ್ರಿಸಿ ನೋಡಿದರೆ ಸಾಕು. ಮರುನಿರ್ದೇಶನದ ಬಳಿಕವೂ ಅದು ಬದಲಾಗದು.

ದೋಷಪುಟಗಳ ರೀತಿ ಬೇರೆ. ‘ಎರರ್‌ಡಾಕ್ಯುಮೆಂಟ್’ ನಿಯಮದ ಮೂಲಕ 404ರ ಕೋರಿಕೆಯು ಸ್ಕ್ರಿಪ್ಟೊಂದಕ್ಕೆ ಒಪ್ಪಿತವಾದಾಗ ‘ಕ್ವೆರಿ_ಸ್ಟ್ರಿಂಗ್’ ಬರಿದಾಗಿರುತ್ತದೆ. ವಿವರಗಳು ನಾಶವಾಗಿಲ್ಲ, ಹೆಸರಿನ ಮುಂದೆ ಉಪಸರ್ಗವೊಂದು ಸೇರಿದೆ: ‘ರಿಡೈರೆಕ್ಟ್_ಕ್ವೆರಿ_ಸ್ಟ್ರಿಂಗ್’ ಎಂಬಲ್ಲಿ ಅವು ಸಿಗುತ್ತವೆ. ಪೋಸ್ಟ್ ವಿಧಾನದಲ್ಲಿ ಬಂದ ಕೋರಿಕೆಯೂ ಇಲ್ಲಿ ಗೆಟ್ ಆಗಿ ಮಾರ್ಪಡುತ್ತದೆ. ಮೂಲ ವಿಧಾನವು ‘ರಿಡೈರೆಕ್ಟ್_ರಿಕ್ವೆಸ್ಟ್_ಮೆಥಡ್’ನಲ್ಲಿರುತ್ತದೆ. ಆದರೆ ದೋಷಪುಟದ ವಿಳಾಸವನ್ನು ‘ಎಚ್‌ಟಿಟಿಪಿ’ಯಿಂದ ಆರಂಭಿಸಿ ಪೂರ್ಣವಾಗಿ ಬರೆದರೆ, ಅದು ತನ್ನದೇ ಸರ್ವರಿನ ಪುಟವಾಗಿದ್ದರೂ ಬಾಹ್ಯ ಮರುನಿರ್ದೇಶನವಾಗುತ್ತದೆ, ಆಗ ಈ ಚರಗಳಾವುವೂ ಸ್ಕ್ರಿಪ್ಟಿಗೆ ತಲಪುವುದಿಲ್ಲ, ಬ್ರೌಸರಿಗೆ 404ರ ಸುದ್ದಿಯೂ ಮುಟ್ಟುವುದಿಲ್ಲ.