ಬಿಸಿ ಹೀರುವ ಕೊಳವೆ

ಏಪ್ರಿಲ್ ಬಂತೆಂದರೆ ಕೊಪ್ಪಳ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳ ಪಡಸಾಲೆಯಲ್ಲಿ ಮಣ್ಣಿನ ಹರವಿ ಕೂರುತ್ತದೆ. ಹರವಿಯ ಮೈಯಿಂದ ಒಸರಿದ ನೀರು ಒಣಗಾಳಿಗೆ ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಉಳಿದ ನೀರು ತಣ್ಣಗಾಗುತ್ತದೆ. ಹಾಲಿನ ಡೇರಿಯ ಬಿಎಂಸಿ (ಹಾಲು ತಣಿಸುವ ಬಲ್ಕ್ ಮಿಲ್ಕ್ ಕೂಲರ್), ಐಸ್ ಕ್ಯಾಂಡಿಯ ತೊಟ್ಟಿ, ದಾಳಿಂಬೆ ಇಡುವ ಕೋಲ್ಡ್ ಸ್ಟೋರೇಜ್ ಎಲ್ಲವೂ ಇದೇ ನಿಯಮದ ಮೇಲೆ ನಡೆಯುತ್ತವೆ. ಅಲ್ಲಿ ನೀರಿನ ಬದಲು ದ್ರವವಾಗಿಸಿದ ಗ್ಯಾಸು ಆವಿಯಾಗುತ್ತದೆ. ಆವಿಯಾದದ್ದು ಗಾಳಿಪಾಲಾಗದೆ ಕಂಪ್ರೆಸರಿನಲ್ಲಿ ಒತ್ತಿಸಿಕೊಂಡು, ಹೊರಗೆ ಬಿಸಿ ಕಳೆದುಕೊಂಡು, ದ್ರವವಾಗಿ ಮರಳಿ ಬರುತ್ತದೆ. ಗ್ಯಾಸು ಆವಿಯಾಗುವ ಆ ಜಾಗವೇ ಇವಾಪೊರೇಟರ್. ಮೆಕ್ಯಾನಿಕರ ಬಾಯಲ್ಲಿ ಕೂಲಿಂಗ್ ಕಾಯಿಲ್.

ಕೋಲ್ಡ್ ಸ್ಟೋರೇಜ್ ಕಟ್ಟಲು ಹೊರಟವರು ಮೊದಲು ಕೇಳುವುದು ಕಂಪ್ರೆಸರ್ ಎಷ್ಟು ಟನ್ನಿನದು, ಯಾವ ಕಂಪನಿಯದು ಎಂದು. ಕಾಯಿಲ್ ಬಗ್ಗೆ ಕೇಳುವವರು ಕಡಿಮೆ. ಆದರೆ ಒಳಗಿಟ್ಟ ಹಣ್ಣಿನ ಹಣೆಬರಹ ಬರೆಯುವುದು ಕಾಯಿಲೇ.

ಡೇರಿಯಿಂದಲೇ ಶುರುಮಾಡೋಣ. ಈ ಭಾಗದ ಹಳ್ಳಿಗಳ ಹಾಲು ಸೇರುವುದು ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ರಾಬಕೊವಿ ಹಾಲು ಒಕ್ಕೂಟಕ್ಕೆ. ಕರೆದ ಹಾಲು ಸುಮಾರು 35 ಡಿಗ್ರಿ ಇರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಹುಳಿಯಾಗುತ್ತದೆ. ಬಿಎಂಸಿಯ ಸ್ಟೀಲ್ ತೊಟ್ಟಿಯ ತಳದಲ್ಲಿ ಎರಡು ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದು, ನಡುವೆ ಸಂದು ಬಿಟ್ಟಿರುತ್ತಾರೆ. ಆ ಸಂದಿನಲ್ಲೇ ಗ್ಯಾಸು ಆವಿಯಾಗುವುದು. ಅಂದರೆ ತೊಟ್ಟಿಯ ತಳವೇ ಇವಾಪೊರೇಟರ್. 1,000 ಲೀಟರ್ ಹಾಲನ್ನು ಹೀಗೆ ತಣಿಸಲು ಕಳೆಯಬೇಕಾದ ಬಿಸಿ ಸುಮಾರು 375 ಕಿಲೊ ಮಂಜುಗಡ್ಡೆ ಕರಗಿಸುವಷ್ಟು. ಮೇಲೆ ಒಂದು ರೆಕ್ಕೆ ನಿಧಾನಕ್ಕೆ ಹಾಲನ್ನು ಕಲಕುತ್ತಲೇ ಇರಬೇಕು. ಅದು ನಿಂತರೆ ತಳದ ಹಾಲು ಮಂಜುಗಡ್ಡೆಯಾಗುತ್ತದೆ, ಮೇಲಿನದು ಬೆಚ್ಚಗೇ ಉಳಿಯುತ್ತದೆ.

ಇದೇ ತಗಡಿನ ಜಾತಿ ನಮ್ಮ ಮನೆಯ ಸಿಂಗಲ್ ಡೋರ್ ಫ್ರಿಜ್ಜಿನಲ್ಲೂ ಇದೆ. ಐಸ್ ಟ್ರೇ ಇಡುವ ಪೆಟ್ಟಿಗೆಯ ಗೋಡೆಯಲ್ಲಿ ಉಬ್ಬಿದ ಗೆರೆಗಳು ಕಾಣುತ್ತವಲ್ಲ, ಅವೇ ಗ್ಯಾಸು ಹರಿಯುವ ದಾರಿ. ಅಂಟಿದ ಮಂಜನ್ನು ಚಾಕುವಿನಿಂದ ಕೆರೆದು ಆ ತೆಳು ಅಲ್ಯೂಮಿನಿಯಂ ತಗಡಿಗೆ ತೂತು ಮಾಡುವವರು ಬಹಳ. ಈಗಿನ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಇರುವ ಐಸೊಬ್ಯೂಟೇನ್ ಬೆಂಕಿ ಹತ್ತುವ ಗ್ಯಾಸು. ಸ್ವಿಚ್ ಆರಿಸಿ, ಮಂಜು ತಾನಾಗಿ ಕರಗಲು ಬಿಡಿ.

ಐಸ್ ಕ್ಯಾಂಡಿ ಮಾಡುವಲ್ಲಿ ಬರಿಯ ಕೊಳವೆಯ ಸುರುಳಿ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಉಪ್ಪುನೀರು ಗಟ್ಟಿಯಾಗುವುದಿಲ್ಲ. ಅದರೊಳಗೆ ಇಳಿಸಿದ ಅಚ್ಚಿನ ಸಿಹಿನೀರು ಗಟ್ಟಿಯಾಗುತ್ತದೆ. ದೊಡ್ಡ ಐಸ್ ಫ್ಯಾಕ್ಟರಿಗಳಲ್ಲಿ ಕೊಳವೆಯೊಳಗೆ ಅಮೋನಿಯಾ ಇರುತ್ತದೆ. ವಾತಾವರಣದ ಒತ್ತಡದಲ್ಲಿ ಅದು ಕುದಿಯುವುದು ಮೈನಸ್ 33 ಡಿಗ್ರಿಯಲ್ಲಿ. ತಾಮ್ರವನ್ನು ತಿನ್ನುವ ಗುಣ ಅದಕ್ಕಿರುವುದರಿಂದ ಅಲ್ಲಿ ಉಕ್ಕಿನ ಕೊಳವೆಯೇ ಬೇಕು. ಇಂಥ ಕಡೆ ಸಾಮಾನ್ಯವಾಗಿ ಕಾಯಿಲಿನ ತುಂಬ ದ್ರವ ನಿಲ್ಲಿಸುತ್ತಾರೆ. ಒಳಗೋಡೆ ಸದಾ ಒದ್ದೆಯಾಗಿರುವುದರಿಂದ ಬಿಸಿ ಚೆನ್ನಾಗಿ ಹೀರುತ್ತದೆ. ಸಣ್ಣ ಯಂತ್ರಗಳಲ್ಲಿ ಕೊನೆಯ ಸುತ್ತು ಮುಗಿಯುವಷ್ಟರಲ್ಲಿ ಪೂರ್ತಿ ಆವಿಯಾಗುವಂತೆ ಅಳೆದು ಬಿಡುತ್ತಾರೆ. ದ್ರವ ಉಳಿದು ಕಂಪ್ರೆಸರಿಗೆ ನುಗ್ಗಿದರೆ ಅದರ ವಾಲ್ವ್ ಮುರಿಯಬಹುದು.

ಈಗ ದಾಳಿಂಬೆಗೆ ಬರೋಣ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ರೈತರು ದುಂಡಾಣು ಅಂಗಮಾರಿ ರೋಗದಿಂದ ತೋಟಗಳನ್ನೇ ಕಳೆದುಕೊಂಡು, ಮತ್ತೆ ಧೈರ್ಯ ಮಾಡಿ ನೆಟ್ಟವರು. ಅಷ್ಟು ಕಷ್ಟದಿಂದ ಬಂದ ಹಣ್ಣು ದರಕ್ಕಾಗಿ ಕಾಯುವಾಗ ಕೆಡಬಾರದು. ದಾಳಿಂಬೆಗೆ ಬೇಕಾದದ್ದು 5ರಿಂದ 7 ಡಿಗ್ರಿ ತಂಪು, ಶೇ 90ಕ್ಕೂ ಮೇಲ್ಪಟ್ಟ ತೇವ. ತಂಪು ಸಿಗುವುದು ಸುಲಭ, ತೇವ ಉಳಿಸುವುದು ಕಷ್ಟ. ಇಲ್ಲಿನ ಕಾಯಿಲಿನ ಕೊಳವೆಗಳಿಗೆ ತೆಳು ಅಲ್ಯೂಮಿನಿಯಂ ಪಟ್ಟಿಗಳನ್ನು, ಅಂದರೆ ಫಿನ್‌ಗಳನ್ನು, ಪೋಣಿಸಿ ಫ್ಯಾನಿನಿಂದ ಗಾಳಿ ಹಾಯಿಸುತ್ತಾರೆ. ಕಾಯಿಲ್ ಕೋಣೆಯ ಗಾಳಿಗಿಂತ ತೀರಾ ತಣ್ಣಗಿದ್ದರೆ ಗಾಳಿಯ ತೇವವೆಲ್ಲ ಅದರ ಮೇಲೆ ಹನಿಯಾಗಿಯೋ ಮಂಜಾಗಿಯೋ ಕೂರುತ್ತದೆ. ಒಣಗಿದ ಗಾಳಿ ಆ ತೇವವನ್ನು ಮತ್ತೆ ಹಣ್ಣಿನಿಂದ ವಸೂಲಿ ಮಾಡುತ್ತದೆ. ಸಿಪ್ಪೆ ಒಣಗಿ ಕಂದಾಗುತ್ತದೆ, ತೂಕ ಇಳಿಯುತ್ತದೆ. ಒಳಗಿನ ಕಾಳು ಚೆನ್ನಾಗಿಯೇ ಇದ್ದರೂ ಸಿಪ್ಪೆ ನೋಡಿದ ವ್ಯಾಪಾರಿ ದರ ಮುರಿಯುತ್ತಾನೆ.

ಕಾಯಿಲ್ ಯಾಕೆ ಅಷ್ಟು ತಣ್ಣಗಾಗಬೇಕು? ಅದು ಚಿಕ್ಕದಾಗಿರುವುದರಿಂದ. ಚಿಕ್ಕ ಮೈಯ ಕಾಯಿಲ್ ಅಷ್ಟೇ ಬಿಸಿ ಹೀರಬೇಕಾದರೆ ಹೆಚ್ಚು ತಣ್ಣಗಿರಲೇಬೇಕು. ಮೈ ದೊಡ್ಡದು ಮಾಡಿದರೆ ಗಾಳಿಗೂ ಕಾಯಿಲಿಗೂ 4-5 ಡಿಗ್ರಿ ಅಂತರ ಸಾಕು, ತೇವ ಉಳಿಯುತ್ತದೆ. ಕರೆಂಟ್ ಬಿಲ್ಲೂ ಇಳಿಯುತ್ತದೆ: ಗ್ಯಾಸು ಆವಿಯಾಗುವ ಉಷ್ಣತೆ ಒಂದು ಡಿಗ್ರಿ ಮೇಲಿದ್ದರೆ ಕಂಪ್ರೆಸರಿನ ವಿದ್ಯುತ್ತು ಸುಮಾರು ಶೇ 2ರಿಂದ 4ರಷ್ಟು ಉಳಿತಾಯ. ಆದರೆ ದೊಡ್ಡ ಕಾಯಿಲಿಗೆ ಮೊದಲ ಖರ್ಚು ಜಾಸ್ತಿ. ಕೊಟೇಶನ್ ಇಳಿಸುವ ಭರದಲ್ಲಿ ಅದಕ್ಕೇ ಕತ್ತರಿ ಬೀಳುತ್ತದೆ.

ಒಣ ಮೆಣಸಿನಕಾಯಿಯ ಲೆಕ್ಕ ಬೇರೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಲ್ಲಿಡುವ ಮೆಣಸಿನಕಾಯಿಗೆ ತೇವ ಹೆಚ್ಚಾದರೆ ಬೂಸು ಹಿಡಿಯುತ್ತದೆ. ಮಾವಿಗೆ 12-13 ಡಿಗ್ರಿಗಿಂತ ಕೆಳಗಿನ ಥಂಡಿ ಆಗಿಬರುವುದಿಲ್ಲ. ಸಿಪ್ಪೆ ಕಪ್ಪಾಗಿ, ಹಣ್ಣು ಸರಿಯಾಗಿ ಮಾಗುವುದಿಲ್ಲ. ಹಾಗಾಗಿ ಒಂದೇ ಕೋಣೆಯಲ್ಲಿ ದಾಳಿಂಬೆ, ಮಾವು, ಮೆಣಸಿನಕಾಯಿ ಮೂರನ್ನೂ ಇಡಬಹುದು ಎನ್ನುವವರ ಮಾತು ನಂಬಬೇಡಿ.

ರೈತ ಉತ್ಪಾದಕ ಕಂಪನಿಯ ಹೆಸರಿನಲ್ಲೋ ಸ್ವಂತಕ್ಕೋ ಶೈತ್ಯಾಗಾರ ಕಟ್ಟುವ ಯೋಚನೆ ಇದ್ದರೆ ಗುತ್ತಿಗೆದಾರನ ಬಳಿ ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ಯಾವ ಬೆಳೆಗೆ ಈ ಕಾಯಿಲ್, ಅದರ ಮೈಯ ವಿಸ್ತೀರ್ಣ ಎಷ್ಟು ಚದರ ಮೀಟರ್, ಕೋಣೆಗೂ ಕಾಯಿಲಿಗೂ ಎಷ್ಟು ಡಿಗ್ರಿ ಅಂತರ, ಮಂಜು ಕರಗಿಸುವ ವ್ಯವಸ್ಥೆ ಏನು. ಉತ್ತರ ಸಿಗುವವರೆಗೆ ಮುಂಗಡ ಕೊಡಬೇಡಿ.