ಡೊಳ್ಳು ಯಾಕೆ ಗುಡುಗುತ್ತದೆ?

ಅಕ್ಕಂದಿರೇ, ಶಿಕಾರಿಪುರ, ಸೊರಬದ ಕಡೆ ಜಾತ್ರೆ ಬಂತೆಂದರೆ ಡೊಳ್ಳು ಬೇಕು. ಬೀರಪ್ಪ ದೇವರ ಪೂಜೆಗೂ ಡೊಳ್ಳು ಬೇಕು. ಅದರ ಸದ್ದು ಬಲು ದೂರ ಕೇಳುತ್ತದೆ. ಹೇಗೆ?

ಡೊಳ್ಳಿನ ಮೈ ಮರದ್ದು. ಒಳಗೆ ಟೊಳ್ಳು. ಎರಡೂ ಬಾಯಿಗೆ ಚರ್ಮ ಹೊದಿಸಿ, ಹಗ್ಗದಿಂದ ಬಿಗಿಯುತ್ತಾರೆ. ಬಾರಿಸಿದಾಗ ಚರ್ಮ ಅದುರುತ್ತದೆ. ಒಳಗಿನ ಗಾಳಿಯೂ ಅದುರುತ್ತದೆ. ಅದೇ ನಮ್ಮ ಕಿವಿಗೆ ಸದ್ದಾಗಿ ಬರುತ್ತದೆ. ಖಾಲಿ ಕೊಡ ತಟ್ಟಿ ನೋಡಿ. ನೀರು ತುಂಬಿ ಮತ್ತೆ ತಟ್ಟಿ. ಸದ್ದು ಬೇರೆ ಅಲ್ಲವೇ?

ಡೊಳ್ಳಿನ ಒಂದು ಕಡೆ ಕೋಲಿನ ಪೆಟ್ಟು, 'ಡಣ್'. ಇನ್ನೊಂದು ಕಡೆ ಅಂಗೈ ಪೆಟ್ಟು, 'ಧೂಂ'.

ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲವಾಗುತ್ತದೆ. ಆಗ ಸದ್ದು ಮಂಕು. ಬಿಸಿಲಿಗಿಟ್ಟು, ಹಗ್ಗ ಎಳೆದರೆ ಮತ್ತೆ ಗುಡುಗುತ್ತದೆ. ಹಲಗೆಯನ್ನು ಬೆಂಕಿಗೆ ಕಾಯಿಸುವುದೂ ಇದಕ್ಕೇ.

ಡೊಳ್ಳು ಭಾರ, 'ಹೆಂಗಸರ ಕೈಲಿ ಆಗಲ್ಲ' ಅಂತಿದ್ದರು. ಈಗ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಹೆಂಗಸರ ಡೊಳ್ಳಿನ ತಂಡಗಳಿವೆ. ಸೆರಗು ಬಿಗಿದು, ಡೊಳ್ಳು ಹೆಗಲಿಗೇರಿಸಿ ಕುಣಿಯುತ್ತಾರೆ. ನೀರಿನ ಕೊಡ, ಸೌದೆ ಹೊರೆ ಹೊತ್ತವರಿಗೆ ಡೊಳ್ಳು ಭಾರವೇ?

ನಿಮ್ಮೂರಲ್ಲಿ ಡೊಳ್ಳು ಯಾರು ಬಾರಿಸುತ್ತಾರೆ? ಕೂತು ಮಾತಾಡಿ. ಎರಡು ಸಾಲು ಬರೆಯಿರಿ.